ಐದು ಹಿತ್ತಾಳೆ ಬಿಲ್ಲೆ

"ಕೀ ಕೊಡು ಅಂದ್ನಲ್ಲ, ಕಿವಿ ಕೇಳಲ್ವಾ?" ಧರ್ಮೇಶ್ ಕೈ ಚಾಚಿಯೇ ನಿಂತಿದ್ದ.

ಕೃತಿಕಾ ಕೀಗೊಂಚಲನ್ನು ದುಪಟ್ಟಾದ ತುದಿಗೆ ಸುತ್ತಿಕೊಂಡಳು. "ರೇವಣ್ಣನ ಕೈಗೆ ಕೊಡ್ತೀನಿ. ನಿಮ್ಮ ಕೈಗಲ್ಲ."

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಪಕ್ಕ, ಬೀಗ ರಿಪೇರಿಯ ರೇವಣ್ಣನ ಗೂಡಂಗಡಿಯೆದುರು, ಗಂಡ ಹೆಂಡತಿಯ ನಡುವೆ ಬೈಕು ನಿಂತಿತ್ತು. ಅವಳೇ ಕೊಂಡ ಬೈಕು. ದೇವರಮನೆ ಬೆಟ್ಟದ ದಾರಿಯ ಕಾಫಿ ಎಸ್ಟೇಟೊಂದರಲ್ಲಿ ಅವಳು ರೈಟರ್. ಬೆಳಿಗ್ಗೆ ಏಳೂವರೆಗೆ ಆಳುಗಳ ಹಾಜರಿ ಹಿಡಿಯಬೇಕು, ಆ ಹೊತ್ತಿಗೆ ಅತ್ತ ಬಸ್ಸಿಲ್ಲ. ತಿಂಗಳ ಹಿಂದೆ ಕಳಸದ ತವರಿನಲ್ಲಿ ನಾಲ್ಕು ದಿನ ಇದ್ದು ಬರುವಷ್ಟರಲ್ಲಿ ಧರ್ಮೇಶ್ ಇಗ್ನಿಷನ್ ಲಾಕನ್ನೇ ಬದಲಿಸಿಬಿಟ್ಟಿದ್ದ. "ಹಳೇದು ಕೆಟ್ಟೋಗಿತ್ತು" ಅಂದಿದ್ದ. ಹೊಸ ಕೀ ಅವನ ಜೇಬು ಬಿಟ್ಟು ಹೊರಬರಲೇ ಇಲ್ಲ. ಅಂದಿನಿಂದ ಅವಳು ಸಿಕ್ಕ ಜೀಪು ಹತ್ತಿ ತಡವಾಗಿ ಹೋಗುತ್ತಿದ್ದಳು. ಇನ್ನೊಂದು ದಿನ ತಡವಾದರೆ ಬರುವುದೇ ಬೇಡವೆಂದು ಮ್ಯಾನೇಜರು ನಿನ್ನೆ ಹೇಳಿಬಿಟ್ಟಿದ್ದರು.

ಆದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯುತ್ತಿದ್ದುದು ಹಳೆಯ ಕೀಗೆ, ಅವಳ ಕೀಗೆ. ಅದನ್ನವಳು ಕೊಟ್ಟಿರಲಿಲ್ಲ. ಹಾಗಾಗಿ ಪೆಟ್ರೋಲ್ ಮುಗಿದಾಗಲೆಲ್ಲ ಇಬ್ಬರೂ ಒಟ್ಟಿಗೆ, ತುಟಿ ಬಿಚ್ಚದೆ ಬಂಕಿಗೆ ಹೋಗುತ್ತಿದ್ದರು. ಅವನು ನಿಲ್ಲಿಸುವುದು, ಅವಳು ಇಳಿದು ಮುಚ್ಚಳ ತೆರೆದು, ಮುಚ್ಚಿ, ಕೀಯನ್ನು ಚೀಲಕ್ಕೆ ಹಾಕಿ ಮತ್ತೆ ಹತ್ತುವುದು. ನೋಡಿದವರು ಎಂಥಾ ಜೋಡಿ ಅಂದುಕೊಂಡಿರಬೇಕು. ಇವತ್ತು ಎರಡಕ್ಕೂ ಒಂದೇ ಕೀ ಮಾಡಿಸಲೆಂದು ಧರ್ಮೇಶ್ ಗಾಡಿಯನ್ನು ಇಲ್ಲಿಗೆ ತಂದಿದ್ದ.

ರೇವಣ್ಣ ಎರಡೂ ಕೀಗಳನ್ನು ಹಾಕಿ ನೋಡಿದ. "ಹೊಸ್ದು ದಪ್ಪ, ಟ್ಯಾಂಕಿನ ತೂತಿಗೆ ಹೋಗೂದೇ ಇಲ್ಲ. ಅಕ್ಕನ ಕೀ ಹೊಸ ಲಾಕಿಗೆ ಹೋಗ್ತದೆ, ತಿರುಗಲ್ಲ ಅಷ್ಟೇ. ಎಲ್ಲಕ್ಕೂ ಒಂದೇ ಕೀ ಆಗ್ಬೇಕಂದ್ರೆ ಅಕ್ಕಂದನ್ನೇ ಇಟ್ಕೊಳ್ಬೇಕು."

"ಇಟ್ಕೊ. ಮುಗಿದ್ಮೇಲೆ ಅದು ನನ್ ಕೈಗೆ. ಡುಪ್ಲಿಕೇಟ್ ಗಿಪ್ಲಿಕೇಟ್ ಎಂತದೂ ಬೇಡ" ಎಂದ ಧರ್ಮೇಶ್.

"ನಾನು ಕೆಲ್ಸಕ್ಕೆ ಹೋಗೂದು ಹೆಂಗೆ?" ಎಂದಳು ಕೃತಿಕಾ.

"ಹೋಗು ಅಂದೋರ್ಯಾರು? ಊರು ಸುತ್ತಿದ್ದು ಸಾಕು."

"ಒಂಬತ್ತು ಗಂಟೆಗೆ ಏಳೋರಿಗೆ ಎದ್ದು ನಡೆಯೋರೆಲ್ಲ ಊರು ಸುತ್ತಿದ ಹಂಗೇ ಕಾಣೂದು."

ಅವನು ಒಂದು ಹೆಜ್ಜೆ ಮುಂದೆ ಬಂದ. ಅಷ್ಟರಲ್ಲಿ ಫೋನು ಬಂತು, ರಸ್ತೆಯಂಚಿಗೆ ಹೋದ.

ರೇವಣ್ಣ ಲಾಕು ಬಿಚ್ಚಿದ. ಬೆರಳುದ್ದದ ಉರುಳೆಯಿಂದ ಐದು ಹಿತ್ತಾಳೆ ಬಿಲ್ಲೆಗಳು ಪೇಪರಿನ ಮೇಲೆ ಉದುರಿದವು. ಉಗುರಿಗಿಂತ ಚಿಕ್ಕವು.

"ಇಷ್ಟೇನಾ?"

"ಇಷ್ಟೇ ಅಕ್ಕ. ಒಂದೊಂದನ್ನೂ ನಿಮ್ಮ ಕೀ ಹಲ್ಲಿಗೆ ಸಮ ಉಜ್ಜಿ ಕೂರಿಸ್ಬೇಕು. ಇವಿಲ್ದಿದ್ರೆ ಬೀರು ಕೀ ಹಾಕಿದ್ರೂ ತಿರುಗ್ತದೆ, ಗಾಡಿ ಸ್ಟಾರ್ಟು."

ಧರ್ಮೇಶ್ ವಾಪಸು ಬಂದ. "ಇನ್ನೂ ಆಗ್ಲಿಲ್ವಾ?"

"ಉಜ್ಜೂದಕ್ಕೆ ಒಂದು ಗಂಟೆಯಾದ್ರೂ ಬೇಕು."

"ಒಂದು ಗಂಟೆ! ಕೆಲ್ಸ ಬರಲ್ಲ ಅಂದ್ರೆ ಅಂಗಡಿ ಮುಚ್ಚು ಮಾರಾಯ. ಉಜ್ಜೂದು ಗಿಜ್ಜೂದು ಬೇಡ, ಕೀ ತಿರುಗಿದ್ರೆ ಸಾಕು."

"ತಿರುಗಿದ್ರೆ ಸಾಕಾ?" ರೇವಣ್ಣ ಕೇಳಿದ.

"ಸಾಕು ಅಂದ್ನಲ್ಲ!" ಅವನು ಮತ್ತೆ ಫೋನು ಕಿವಿಗಿಟ್ಟು ರಸ್ತೆಯಂಚಿಗೆ ಹೋಗಿ ಬೆನ್ನು ತಿರುಗಿಸಿ ನಿಂತ.

ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಏಳನೆಯ ಕೋಣೆಯ ಬೀಗದ ಕೈ ಯಾವಾಗಲೂ ರಾಜನ ಸೊಂಟದಲ್ಲೇ ಇರುತ್ತಿತ್ತು. ಕಿರಿಯ ರಾಣಿ ಬಾಗಿಲು ತೆರೆಯುವ ಹೊತ್ತಿಗೆ ಪುಟ್ಟ ಕೃತಿಕಾಳಿಗೆ ನಿದ್ದೆ ಹತ್ತಿರುತ್ತಿತ್ತು. ಹೇಗೆ ತೆರೆದಳೆಂದು ಬೆಳಿಗ್ಗೆ ಕೇಳಿದರೆ ಅಜ್ಜಿ ರೊಟ್ಟಿ ತಟ್ಟುತ್ತ ನಗುತ್ತಿದ್ದಳು, ಅಷ್ಟೇ.

ಕೃತಿಕಾ ಪೇಪರಿನ ಮೇಲಿದ್ದ ಬಿಲ್ಲೆಗಳನ್ನು ಅಂಗೈಯಲ್ಲಿ ಮುಚ್ಚಿದಳು.

ರೇವಣ್ಣ ಆ ಕೈಯನ್ನು ನೋಡಿದ. ರಸ್ತೆಯಂಚಿನ ಬೆನ್ನನ್ನು ನೋಡಿದ. ಬಿಲ್ಲೆ ಉಜ್ಜಲು ಎತ್ತಿಕೊಂಡಿದ್ದ ಅರವನ್ನು ಡಬ್ಬಿಗೆ ಹಾಕಿ, ಬರಿದಾದ ಉರುಳೆಯನ್ನು ಹಾಗೆಯೇ ಕೂರಿಸಿ ಸ್ಕ್ರೂ ಬಿಗಿದ.

ಅವಳು ರೇವಣ್ಣನಿಂದ ಗೊಂಚಲು ವಾಪಸು ತೆಗೆದುಕೊಂಡು, ಹಳೆಯ ಕೀ ಬಿಡಿಸಿ ಗಂಡನ ಕೈಗೇ ಕೊಟ್ಟಳು. ಅವನು ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. ಆಮೇಲೆ ಇಗ್ನಿಷನ್ನಿಗೆ ಹಾಕಿದ, ಬೆಣ್ಣೆಯಂತೆ ತಿರುಗಿತು.

"ನೋಡು, ಹತ್ತು ನಿಮಿಷದ ಕೆಲ್ಸ. ಗಂಟೆಯಂತೆ ಗಂಟೆ!"

ರೇವಣ್ಣ ಪೇಪರು ಮಡಚಿಡುತ್ತಿದ್ದ.

ಬಂಕಿನಲ್ಲಿ ಧರ್ಮೇಶ್ ತಾನೇ ಮುಚ್ಚಳ ತೆರೆದ. "ಫುಲ್ ಮಾಡಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಕೃತಿಕಾ ಹಿಂದೆ ಸರಿದು ನಿಂತಿದ್ದಳು. ಎಡಗೈ ಮುಷ್ಟಿಯಲ್ಲಿ ಬಿಲ್ಲೆಗಳು ಬೆಚ್ಚಗಾಗಿದ್ದವು. ಬಲಗೈ ಚೀಲದೊಳಗೆ ಗೊಂಚಲನ್ನು ತಡವಿತು: ತವರಿನ ಬಾಗಿಲಿನದು, ಎಸ್ಟೇಟ್ ಆಫೀಸಿನದು, ಬೀರುವಿನದು. ಎಲ್ಲಕ್ಕಿಂತ ತೆಳ್ಳಗಿದ್ದ ಬೀರು ಕೀಯನ್ನು ಬೆರಳುಗಳ ನಡುವೆ ಹಿಡಿದುಕೊಂಡು, ಅವನು ಟ್ಯಾಂಕಿಗೆ ಬೀಗ ಹಾಕಿ ಕೀಯನ್ನು ಅಂಗಿಯ ಜೇಬಿಗಿಳಿಸಿ ಮೇಲಿಂದ ತಟ್ಟಿಕೊಳ್ಳುವವರೆಗೂ ಕಾದಳು. ಆಮೇಲೆ ಹಿಂದೆ ಹತ್ತಿ ಕುಳಿತಳು.