ಎರಡೋ ಮೂರೋ
ಚೆಂಡು ಬಲೆಯೊಳಗಿಂದ ಜಾರಿ ಕೆಳಗೆ ಪುಟಿಯುತ್ತಲೇ ಇತ್ತು, ಆಟ ಮುಗಿದ ಗಂಟೆ ಕಿವಿಯಲ್ಲಿ ಇನ್ನೂ ಗುಂಯ್ಗುಡುತ್ತಿತ್ತು, ಅಂಪೈರ್ ಶೈಲಾಳ ಬಲಗೈ ತಾನಾಗಿ ಮೇಲೇಳುತ್ತಿತ್ತು — ಎರಡು ಬೆರಳೋ ಮೂರೋ, ಗದಗಿನ ಬಾಸ್ಕೆಟ್‌ಬಾಲ್ ಮೈದಾನವೆಲ್ಲ ಆ ಕೈಯನ್ನೇ ನೋಡುತ್ತಿದೆ, ಮುಂಡರಗಿಯ ಹುಡುಗಿಯರದು ಮೂವತ್ತೊಂದು, ಶಿರಹಟ್ಟಿಯವರದು ಇಪ್ಪತ್ತೊಂಬತ್ತು, ಬುಟ್ಟಿಗೆ ಎಸೆದವಳು ಶಿರಹಟ್ಟಿಯ ಸುಶ್ಮಿತಾ, ತನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಕಮಾನಿನ ಗೆರೆಯಾಚೆ ನಿಂತು ಎಸೆದಿದ್ದರೆ ಮೂರು, ಗೆಲುವಿನ ಕಪ್ ಅವಳದೇ, ಕಾಲು ಗೆರೆಗೆ ತಾಗಿದ್ದರೆ ಎರಡೇ, ಸಮ ಸಮ, ಇನ್ನೂ ಐದು ನಿಮಿಷ ಆಡಬೇಕು, ಶಿರಹಟ್ಟಿಯ ಕಡೆಯ ಎತ್ತರದ ಇಬ್ಬರೂ ಫೌಲಾಗಿ ಹೊರಗೆ ಕೂತಿದ್ದಾರೆ, ಆಡುವವರು ಯಾರು — ನೋಡಬೇಕಾದದ್ದು ಕಾಲನ್ನು, ಶೈಲಾ ನೋಡಿದ್ದು ಮುಖವನ್ನು, ನಾಲಿಗೆ ಕಚ್ಚಿ ಜಿಗಿದ ಆ ಮುಖ, ಐದು ವರ್ಷದವಳಿದ್ದಾಗ ಉಳ್ಳಾಗಡ್ಡಿಯನ್ನು ಬುಟ್ಟಿಗೆ ಎಸೆಯುವಾಗಲೂ ಹೀಗೇ ಕಚ್ಚುತ್ತಿದ್ದಳು, ಎಂಥ ಅಂಪೈರಮ್ಮ ನೀನು, ಕಣ್ಣು ಕೊಟ್ಟ ದೇವರು ಕರುಳನ್ನು ಮನೆಯಲ್ಲಿಟ್ಟು ಬರಲು ಬಿಡಲಿಲ್ಲ.

ಬೆಳಿಗ್ಗೆ ಬೇಡವೆಂದೇ ಹೇಳಿದ್ದಳು, ಬರಬೇಕಾದ ಅಂಪೈರಿಗೆ ಜ್ವರವೆಂದಾಗ, ಮಗಳು ಆಡೂ ಆಟಕ್ಕ ನಾ ಹೆಂಗ ನಿಂದರ್ಲಿ ಸರ, ಅದಕ್ಕೆ ಮುಂಡರಗಿಯ ಕೋಚ್ ಖಾಜಾಸಾಬರು, ನೀವ ನಿಂದರ್ರಿ ಅಕ್ಕಾರ, ನಿಮ್ಮ ಮ್ಯಾಲೆ ನಮಗ ಭರೋಸಾ ಐತಿ, ಆ ಭರೋಸಾ ಈಗ ಜೋಳದ ಚೀಲದಂತೆ ಹೆಗಲ ಮೇಲೆ ಕೂತಿದೆ, ಸುಣ್ಣದ ಪುಡಿ ಸಾಲದೆ ಹೋದದ್ದೂ ಇವತ್ತೇ, ಮೈದಾನ ಗುಡಿಸುವ ಮುದುಕವ್ವ ಮನೆಯಿಂದ ರಂಗೋಲಿ ಪುಡಿ ತಂದು ಬಗ್ಗಿ ಬಗ್ಗಿ ಕಮಾನು ಎಳೆದಳು, ಪಳಗಿದ ಕೈ, ಎಲ್ಲೂ ಡೊಂಕಿಲ್ಲ, ತುಳೀಬ್ಯಾಡ್ರೆ ಹುಡಿಗ್ಯಾರ ಅಂದಾಗ ಎಲ್ಲರೂ ನಕ್ಕರು, ಸುಶ್ಮಿತಾ ನಗಲಿಲ್ಲ, ಆಟದುದ್ದಕ್ಕೂ ಗೆರೆಯನ್ನು ದಾಟಿ ದಾಟಿ ಓಡಿದಳು.

ಕೈ ಕಿವಿಯ ಮಟ್ಟಕ್ಕೆ ಬಂದಿತ್ತು, ಮೂರು ಬೆರಳು ಬಿಚ್ಚಿಕೊಳ್ಳುತ್ತಿದ್ದವು, ಕೊಡು, ಯಾರು ಕಂಡಿದ್ದಾರೆ, ಹದಿನಾರು ವರ್ಷದ ಕೂಸು, ನಾಲ್ಕು ತಿಂಗಳಿಂದ ಕೋಳಿ ಕೂಗುವ ಮುಂಚೆ ಎದ್ದು ಓಡಿದ್ದಾಳೆ, ಕೊಡು — ಆಗ ಗೆಳತಿಯರೆಲ್ಲ ಕುಣಿಯುತ್ತಿರುವಾಗ ಸುಶ್ಮಿತಾ ಒಬ್ಬಳೇ ಬಗ್ಗಿದಳು, ಗೆರೆಯನ್ನು ಬೆರಳಿನಿಂದ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡಳು, ಅತ್ತೆ ಸಿದ್ದಲಿಂಗವ್ವ ಕಲಿಸಿದ್ದು, ರಂಗೋಲಿಗಿ ಕಾಲು ತಾಗಿದ್ರ ಮುಟ್ಟಿ ಕಣ್ಣಿಗೊತ್ಕೋ ನನ್ನವ್ವ, ಬಾಲವಾಡಿಗೆ ಹೋಗುವಾಗಿನಿಂದ ಬಂದ ರೂಢಿ, ಅವಳಿಗೆ ತಾನು ಏನು ಮಾಡಿದೆನೆಂದು ಗೊತ್ತೇ ಇಲ್ಲ, ಸದ್ದಿಲ್ಲದೆ ಖರೆ ಹೇಳಿಬಿಟ್ಟಿದ್ದಾಳೆ, ಕಂಡದ್ದು ಶೈಲಾ ಒಬ್ಬಳಿಗೆ, ಅಯ್ಯೋ ನನ್ನ ಬಂಗಾರ, ಇವತ್ತೊಂದು ದಿನ ಮರೆಯಬಾರದಿತ್ತೇ, ಮರೆತಿದ್ದರೆ ನೀನು ನನ್ನ ಮಗಳು ಹೇಗಾಗುತ್ತಿದ್ದೆ, ಎದ್ದು ನಿಂತು ಇತ್ತಲೇ ನೋಡುತ್ತಿದ್ದಾಳೆ, ಮೂರು ಅನ್ನವ್ವಾ ಅನ್ನುವ ಮುಖ, ರೆಪ್ಪೆಯ ಮೇಲೆ ಬಿಳಿ ಪುಡಿ, ಶೈಲಾ ಮೂರನೆಯ ಬೆರಳನ್ನು ಮಡಚಿದಳು, ಎರಡು, ಯಾರೋ ಹೋ ಎಂದರು, ಖಾಜಾಸಾಬರು ಗೌರವದಿಂದ ತಲೆ ತಗ್ಗಿಸಿದರು, ಮಗಳ ತುಟಿ ಅದುರಿತು, ಅಳಬೇಡ, ಅತ್ತರೆ ಪುಡಿ ಕಣ್ಣೊಳಗೆ ಇಳಿದೀತು, ಉರಿದೀತು, ಒರೆಸಬೇಕು, ಸೆರಗಿನಿಂದ ಮೆಲ್ಲಗೆ, ಈ ಅಂಪೈರಿನ ಅಂಗಿಗೆ ಸೆರಗೆಲ್ಲಿದೆ, ಎತ್ತಿದ ಕೈ ಇಳಿಸುವಂತಿಲ್ಲ, ರೆಪ್ಪೆಯ ಮೇಲೆ ಆ ಬಿಳಿ, ಆ ಬಿಳಿ