ಬೆನ್ನಿಗೆ ತುರುಕಿದ ಮಾತು

ಮತ್ತೆ ಬೆನ್ನು ತಿರುಗಿಸಿದಳು, ತೆರೆಯ ಮೇಲಿನ ಈ ಹೆಂಗಸಿಗೆ ಬೆನ್ನು ತಿರುಗಿಸುವುದು ಬಿಟ್ಟು ಬೇರೆ ಕೆಲಸವೇ ಇಲ್ಲವೇ, ಒಂದೂಮುಕ್ಕಾಲು ಗಂಟೆಯ ಕೊರಿಯನ್ ಸಿನಿಮಾದಲ್ಲಿ ಇವಳು ಬಾಯಿ ಬಿಡುವುದು ಅರವತ್ತೆರಡು ಸಲ, ಅದರಲ್ಲಿ ಹನ್ನೆರಡು ಬರೀ ಹೂಂ, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ, ಆವಿ ಏಳುತ್ತದೆ, ಅಂಗಿ ಮಡಚುತ್ತಾಳೆ, ಮಧ್ಯಾಹ್ನ ಕಟ್ಟಡದ ಹಿಂದಿನ ಬೆಂಚಿನ ಈ ತುದಿಯಲ್ಲಿ ಕೂತು ಊಟದ ಡಬ್ಬಿ ಬಿಚ್ಚುತ್ತಾಳೆ, ಆ ತುದಿಯಲ್ಲಿ ಲಿಫ್ಟ್ ರಿಪೇರಿಯವನು ಕೂತು ತನ್ನ ಡಬ್ಬಿ ಬಿಚ್ಚುತ್ತಾನೆ, ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ, ನಾಲ್ಕು ಋತು ಕಳೆದರೂ ಜಾಗ ಹಾಗೇ ಇದೆ, ಇಬ್ಬರಿಗೂ ಎಮ್ಮೆ ಮೇಲೆ ಮಳೆ ಸುರಿದ ಹಾಗೆ — ಇಂಥವಳಿಗೆ ನಾನು ದನಿ ಕೊಡಬೇಕಂತೆ, ಎಲ್ಲಿ ಕೊಡಲಿ? ಕೊನೆಗೆ ಅವನು ಬೇರೆ ಊರಿಗೆ ಹೊರಡುತ್ತಾನೆ, ಬಂದು ಬಾಗಿಲಲ್ಲಿ ನಿಲ್ಲುತ್ತಾನೆ, ಇವಳು ಇಸ್ತ್ರಿ ಮೇಜಿನ ಕಡೆ ತಿರುಗಿ ನಿಲ್ಲುತ್ತಾಳೆ, ಒಂದು ನಿಮಿಷ ಇಪ್ಪತ್ತು ಸೆಕೆಂಡು ಬರೀ ಬೆನ್ನು. ಬೆನ್ನು ಕಂಡರೆ ನಮ್ಮ ಡಬ್ಬಿಂಗ್ ಡೈರೆಕ್ಟರಿಗೆ ಹಾಲು ಕುಡಿದಷ್ಟು ಸಂತೋಷ, ತುಟಿ ಕಾಣದ ಕಡೆ ಯಾವ ಮಾತನ್ನಾದರೂ ತುರುಕಬಹುದು, ಇದು ನಮ್ಮ ಕಸುಬಿನ ಮೊದಲ ಪಾಠ, ಮುಖ ಕಂಡರೆ ತುಟಿಗೆ ತಕ್ಕ ಅಕ್ಷರ ಹುಡುಕಿ ಸಾಯಬೇಕು, ಬೆನ್ನು ಕಂಡರೆ ಹೇಳುವವರಿಲ್ಲ ಕೇಳುವವರಿಲ್ಲ. ಬಾಯಿಬಡುಕ ಅಂತಲೇ ನಾವೆಲ್ಲ ಕರೆಯುವುದು ಅವನನ್ನು. ಮೇಡಂ, ಇಷ್ಟೊತ್ತು ಸುಮ್ನಿದ್ರೆ ಜನ ಟೀವಿ ಕೆಟ್ಟೋಯ್ತು ಅನ್ಕೋತಾರೆ, ಇಲ್ಲೊಂದು ಡೈಲಾಗ್ ಬರ್ದಿದೀನಿ ನೋಡಿ. ನೋಡಿದೆ. ಹೋಗಬೇಡ, ನೀನಿಲ್ಲದೆ ನಾನು ಬದುಕಲಾರೆ. ಅಯ್ಯಾ, ಅವಳು ಹಾಗೆ ಅನ್ನುವವಳಾಗಿದ್ದರೆ ಮೊದಲ ಋತುವಿನಲ್ಲೇ ಅನ್ನುತ್ತಿದ್ದಳು, ಸಿನಿಮಾ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು.

ಟಕ್. ಗಾಜಿನಾಚೆ ಬೆರಳು ಗುಂಡಿ ಒತ್ತಿತು, ಹೆಡ್‌ಫೋನಿನಲ್ಲಿ ಇಂಜಿನಿಯರ ದನಿ, ಚೆನ್ನಾಗಿತ್ತು, ಇನ್ನೊಂದ್ಸಲ. ಬೆರಳು ಎದ್ದಿತು, ದನಿ ಸತ್ತಿತು. ಹನ್ನೊಂದು ವರ್ಷದಿಂದ ಇಷ್ಟೇ, ಈ ಕಡೆ ಗಾಜಿನ ಗೂಡಿನಲ್ಲಿ ನಾನು, ಆ ಕಡೆ ರೆಕಾರ್ಡಿಂಗ್ ಮೇಜಿನ ಮುಂದೆ ಇಂಜಿನಿಯರು, ಗುಂಡಿ ಒತ್ತಿದರೆ ಅವರ ಮಾತು ನನ್ನ ಕಿವಿಗೆ, ಬಿಟ್ಟರೆ ಇಲ್ಲ, ನಾನಾದರೋ ಇಲ್ಲಿ ಉಸಿರು ಬಿಟ್ಟರೂ ಅವರಿಗೆ ಕೇಳುತ್ತದೆ, ಎಂಥ ನ್ಯಾಯ ಇದು. ನಾಯಕಿಯ ಅತ್ತಿಗೆಯಾಗಿದ್ದೇನೆ, ಸೋಪಿನ ಜಾಹೀರಾತಿನ ತಾಯಿಯಾಗಿದ್ದೇನೆ, ಮಾತಾಡುವ ಮೊಲವಾಗಿದ್ದೇನೆ, ಅತ್ತಿದ್ದೇನೆ, ಹೆತ್ತಿದ್ದೇನೆ, ಬಾವಿಗೆ ಬಿದ್ದಿದ್ದೇನೆ, ಎಲ್ಲದಕ್ಕೂ ಚೆನ್ನಾಗಿತ್ತು ಇನ್ನೊಂದ್ಸಲ. ಆದರೆ ಮೈಕು — ಆರಡಿಯ ಖಳನಾಯಕರು ಕಿರುಚಿ ಹೋದ ಮೇಲೆ ನಾನು ಒಳಗೆ ಬಂದರೆ ಮೈಕು ಆಗಲೇ ನನ್ನ ಬಾಯಿಯ ಎತ್ತರಕ್ಕೆ ಇಳಿದಿರುತ್ತದೆ, ಒಂದು ದಿನವೂ ನಾನದರ ತಿರುಪು ಮುಟ್ಟಿಲ್ಲ, ಪಕ್ಕದಲ್ಲಿ ಮುಚ್ಚಳ ಹಾಕಿದ ಲೋಟದಲ್ಲಿ ಬಿಸಿನೀರು, ಯಾರಿಟ್ಟರು ಅಂತ ಯಾರೂ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ಆವತ್ತು ಕರೆಂಟು ಹೋದದ್ದು, ಕಿಟಕಿಯಿಲ್ಲದ ಗೂಡು, ಮಧ್ಯಾಹ್ನವೇ ಕಾರ್ಗತ್ತಲು, ಆಗ ಗಾಜಿಗೆ ಒತ್ತಿ ಹಿಡಿದ ಟಾರ್ಚು ಹತ್ತಿತು, ಅರ್ಧ ಗಂಟೆ, ಕೈ ನೋಯಲಿಲ್ಲವೇ ಆ ಮನುಷ್ಯನಿಗೆ, ಬೆಳಕು ಅಲುಗಲೇ ಇಲ್ಲ — ಅರೆ, ನಾಲ್ಕು ಹೆಜ್ಜೆಯಲ್ಲಿ ಬಾಗಿಲಿದೆ ಮಹಾರಾಯ, ತೆಗೆದು ಬಂದು ಹೆದರ್ಬೇಡಿ ಅನ್ನಬಹುದಿತ್ತಲ್ಲ, ಬರಲಿಲ್ಲ. ನಾನೂ ಹೋಗಲಿಲ್ಲ, ಒಪ್ಪಿದೆ, ಆದರೆ ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ಇವತ್ತು ನನಗೆ ಪುರುಸೊತ್ತಿಲ್ಲ, ಅವರ ಮೇಲಿನದೇ ಬೇಕಾದಷ್ಟಿದೆ.

ಮೆಟ್ಟಿಲು ಒರೆಸುವ ಅಜ್ಜಿಯಿಂದ ತಿಳಿಯಬೇಕೇ ನನಗೆ? ಬೆಳಿಗ್ಗೆ ಬಕೆಟ್ಟು ಸರಿಸಿ ದಾರಿ ಬಿಡುತ್ತಾ, ನಿಮ್ ಸಾರು ಹೊರಟ್ರಂತಲ್ಲಮ್ಮ, ಇವತ್ತೇ ಕೊನೇ ದಿನವಂತೆ, ಬೇರೆ ಯಾವ್ದೋ ಊರಲ್ಲಿ ರೇಡಿಯೋ ಕೆಲ್ಸ ಸಿಕ್ತಂತೆ. ನಿಮ್ ಸಾರು! ನಮ್ ಸಾರು ಅಂತೆ ಯಾವಾಗಿಂದ, ಅಂತ ರೇಗಿದೆ, ಅಜ್ಜಿ ನನ್ನ ಮುಖವನ್ನೊಮ್ಮೆ ನೋಡಿ ಮತ್ತೆ ಒರೆಸತೊಡಗಿದಳು. ಅಜ್ಜಿಗೆ ಗೊತ್ತು, ಬಾಯಿಬಡುಕನಿಗೆ ಒಂದು ತಿಂಗಳಿಂದ ಗೊತ್ತು, ಕಾವಲುಗಾರನ ಹೆಂಡತಿಗೂ ಗೊತ್ತಿರಬೇಕು, ಈ ಒಂದು ತಿಂಗಳಲ್ಲಿ ಆ ಬೆರಳು ಆ ಗುಂಡಿಯನ್ನು ಎಷ್ಟು ನೂರು ಸಲ ಒತ್ತಿರಬೇಡ, ಒಂದೇ ಒಂದು ಸಲ ಹೋಗ್ತಿದೀನಿ ಅನ್ನಲಿಕ್ಕೆ ನಾಲಿಗೆ ಬಿದ್ದುಹೋಗಿತ್ತೇ? ಅಕ್ಕ ಹೇಳಿದ್ದಳು, ನಲವತ್ತು ದಾಟ್ತು ಕಣೆ, ಆ ಗಾಜಿನ ಪೆಟ್ಟಿಗೆಯೊಳಗೆ ಯಾರಿಗೋಸ್ಕರ ಕಾಯ್ತಿದೀಯ, ಭಾವನ ಸ್ನೇಹಿತರು ಒಳ್ಳೆಯವರು, ಒಂದ್ಸಲ ಮಾತಾಡಿ ನೋಡು. ಯಾರಿಗೂ ಕಾಯ್ತಿಲ್ಲ, ಕೆಲಸ ಜಾಸ್ತಿ ಅಷ್ಟೆ, ಅಂದೆ. ಅಕ್ಕ ನಕ್ಕಳು, ಮನೇಲೂ ಡಬ್ಬಿಂಗ್ ಮಾಡ್ತೀಯಲ್ಲೇ ನೀನು ಅಂದಳು. ಅವಳ ನಾಲಿಗೆಗೆ ನಾನು ಯಾವತ್ತೂ ಹೆದರಿದವಳಲ್ಲ, ಆವತ್ತು ಮಾತ್ರ ಎದ್ದು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಹೋಗಬೇಡ, ನೀನಿಲ್ಲದೆ ನಾನು ಬದುಕಲಾರೆ. ಟಕ್, ಇನ್ನೊಂದ್ಸಲ. ಇದು ಆರನೆಯದು. ಮೂರನೆಯದಕ್ಕೇ ಬಾಯಿಬಡುಕ ಸೂಪರ್ ಮೇಡಂ, ಕಣ್ಣಲ್ಲಿ ನೀರು ಬಂತು ಅಂದು ಫೋನು ಕಿವಿಗಿಟ್ಟುಕೊಂಡು ಕಾರಿಡಾರಿಗೆ ಹೋದ, ಮೂರನೆಯದರಲ್ಲಿ ತಪ್ಪಿರಲಿಲ್ಲ, ನನ್ನ ಗಂಟಲು ನನಗೆ ಗೊತ್ತಿಲ್ಲವೇ, ಮತ್ತೆ ನಾಲ್ಕನೆಯದು ಯಾಕೆ, ಕಾಗದ ಸರಿದ ಸದ್ದೇ, ಉಸಿರು ಮೈಕಿಗೆ ಬಡಿಯಿತೇ, ಕೇಳಿದರೆ ಗಾಜಿನಾಚೆ ತಲೆ ತಗ್ಗಿಸುತ್ತಾರೆ, ಬೆರಳು ಮಾತ್ರ ಗುಂಡಿಯ ಮೇಲೆ ತಯಾರಾಗಿರುತ್ತದೆ. ಹೇಳುತ್ತಾ ಹೇಳುತ್ತಾ ಈ ಹಾಳು ಮಾತು ಗಂಟಲಲ್ಲಿ ನಿಜವಾಗತೊಡಗಿದೆ, ಈಗ ಬದುಕಲಾರೆ ಅನ್ನುವಾಗ ದನಿ ನಡುಗಿತು, ನಾನು ನಡುಗಿಸಲಿಲ್ಲ, ತಾನೇ ನಡುಗಿತು, ಛೀ — ಏಳನೆಯದಕ್ಕೆ ಉಸಿರೆಳೆದು ತಲೆಯೆತ್ತಿದರೆ ಗೋಡೆಯ ಮೇಲಿನ ಕೆಂಪು ದೀಪ ಹತ್ತಿಲ್ಲ. ರೆಕಾರ್ಡಿಂಗ್ ನಡೆಯುವಾಗ ಹತ್ತಿರಲೇಬೇಕಾದ ದೀಪ. ಬಲ್ಬು ಹೋಯಿತೇ? ಇಲ್ಲ, ಮೂರನೆಯದಕ್ಕೆ ಅದರ ಬೆಳಕು ಬಿದ್ದು ಕಾಗದ ಕೆಂಪಗೆ ಕಂಡದ್ದು ನೆನಪಿದೆ, ಆಮೇಲೆ ಕಾಗದ ಬೆಳ್ಳಗಿತ್ತು, ನಾಲ್ಕಕ್ಕೂ ಬೆಳ್ಳಗೆ, ಐದಕ್ಕೂ, ಆರಕ್ಕೂ — ಮೂರೂ ರೆಕಾರ್ಡೇ ಆಗಿಲ್ಲ. ಸಿನಿಮಾಕ್ಕಲ್ಲ, ಟೀವಿಯವರಿಗಲ್ಲ. ಸುಮ್ಮನೆ ಕೂತು ಕೇಳುತ್ತಿದ್ದಾರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಗಾಜಿನ ಹಿಂದೆ ಕೂತು ನನ್ನ ಬಾಯಿಂದ ಹೋಗಬೇಡ ಅನ್ನಿಸಿಕೊಳ್ಳುತ್ತಿದ್ದಾರೆ, ತಾವು ಒಂದಕ್ಷರ ಕೊಡದೆ, ಕಳ್ಳ, ಹೇಡಿ, ಮೂಗ, ಇನ್ನೊಂದ್ಸಲ ಅಂತೆ ಇನ್ನೊಂದ್ಸಲ.

ಕಾಗದ ಮುದುಡಿ ಎಸೆದೆ. ಗಾಜಿಗೆ ನೇರವಾಗಿ ನಿಂತೆ, ನನ್ನ ತುಟಿ ಚೆನ್ನಾಗಿ ಕಾಣಲಿ, ಇದು ಯಾರೂ ತುರುಕಿದ ಮಾತಲ್ಲ. ದೀಪ ಹತ್ತಿಲ್ಲ ರೀ, ನೋಡ್ದೆ ನಾನು. ಹೋಗ್ಬೇಡಿ ಅನ್ನಿಸ್ಕೊಳ್ಳೋ ಆಸೆ ಇದ್ರೆ, ಹೋಗ್ತೀನಿ ಅಂತ ಮೊದ್ಲು ನನ್ನೆದುರಿಗೆ ಬಂದು ಹೇಳಿ. ಬಾಗಿಲು ಅಲ್ಲಿದೆ. ಅವರ ಮುಖ ಸುಣ್ಣವಾಯಿತು. ಟಕ್, ಬೆರಳು ಒತ್ತಿತು, ಅವರ ಕೋಣೆಯ ಫ್ಯಾನಿನ ಸದ್ದು, ಆಮೇಲೆ — ಇನ್ನೊಂದ್ಸಲ. ಅಭ್ಯಾಸಬಲ, ಬಾಯಿತಪ್ಪಿ ಬಂತು, ಗೊತ್ತು, ಕಣ್ಣು ಬಿಟ್ಟುಕೊಂಡು ತಾವೇ ಗಾಬರಿಯಾಗಿದ್ದಾರೆ, ಗೊತ್ತು, ಗೊತ್ತಿದ್ದರೂ ಮೈಯೆಲ್ಲ ಉರಿದುಹೋಯಿತು, ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಕುಕ್ಕಿದೆ. ಈಗ ಮಾತಾಡುತ್ತಿದ್ದಾರೆ, ಅಬ್ಬಾ, ನಿಲ್ಲಿಸುತ್ತಲೇ ಇಲ್ಲ, ತುಟಿ ಕೂಡುತ್ತಿದೆ, ಬಿಡುತ್ತಿದೆ, ಯಾವ ಅಕ್ಷರಕ್ಕೆ ತುಟಿ ಹೇಗೆ ಅನ್ನುವುದೇ ನನ್ನ ಹೊಟ್ಟೆಪಾಡಿನ ವಿದ್ಯೆ, ಓದಬಲ್ಲೆ, ಓದುವುದಿಲ್ಲ, ಅವರ ಬಾಯಿಗೆ ನಾನು ಒಂದಕ್ಷರವನ್ನೂ ತುರುಕುವುದಿಲ್ಲ, ಮೇಜಿನ ಮೇಲೆ ಹೆಡ್‌ಫೋನು ಸೊಳ್ಳೆಯ ಹಾಗೆ ಗುಂಯ್ ಅನ್ನುತ್ತಿದೆ, ಎತ್ತಿಕೊಳ್ಳುವುದಿಲ್ಲ, ಬನ್ನಿ, ಎದ್ದು ಬನ್ನಿ, ಕುರ್ಚಿ ಹಿಂದೆ ಸರಿಯಿತು, ಎದ್ದರು, ಎದ್ದೇಬಿಟ್ಟರು, ಇನ್ನು ನಾಲ್ಕು ಹೆಜ್ಜೆ, ಯಾಕೆ ಬಗ್ಗಿದ್ದಾರೆ, ಎದ್ದು ನಿಂತವರು ಮೇಜಿನ ಮೇಲೆ ಹೀಗೇಕೆ ಬಗ್ಗಿದ್ದಾರೆ, ಮಾತು ನಿಂತಿಲ್ಲ, ಬೆರಳು, ಉಗುರು ಬಿಳಿಚುವಷ್ಟು ಒತ್ತಿಕೊಂಡು, ಬಿಡಿ ಅದನ್ನು, ಬಿಟ್ಟು ಬನ್ನಿ, ಬೆರಳು — ಗುಂಡಿಯ ಮೇಲೆ ಬೆರಳು.