ತೆರೆಯದ ಹನ್ನೊಂದು ಕಿಟಕಿಗಳು

ಜುಲೈ ತಿಂಗಳಲ್ಲಿ ಬಂದು ನವೆಂಬರನ್ನು ತೀರ್ಮಾನ ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಮನೆ ಮಾಲೀಕ ಪರ್ಸೆಲ್ ಅಂಥವನೇ. ದೂರದ ದಕ್ಷಿಣದ ಅಡಿಲೇಡಿನವನು. ಜುಲೈನಲ್ಲಿ, ಆಸ್ಟ್ರೇಲಿಯಾದ ಉತ್ತರ ತುದಿಯಲ್ಲಿರುವ ನಮ್ಮ ಡಾರ್ವಿನ್ನಿಗೆ ಬಂದ. ಆಗ ಇಲ್ಲಿ ಆಕಾಶ ತಿಳಿಯಾಗಿ, ಬೆಳಗಿನ ಹೊತ್ತು ಶಾಲು ಹೊದೆಯುವ ಹಾಗಿರುತ್ತದೆ. ಕಂಬಗಳ ಮೇಲೆ ನಿಂತಿರುವ ಮನೆಯ ಹನ್ನೊಂದು ಕಿಟಕಿಗಳನ್ನೂ ನೋಡಿ, "ಇದೇನ್ರೀ, ಮನೆ ತುಂಬ ತೂತು!" ಎಂದ.

ತೂತಂತೆ! ಒಂದರ ಮೇಲೊಂದು ಗಾಜಿನ ಪಟ್ಟಿ ಜೋಡಿಸಿದ ಕಿಟಕಿಗಳು ಅವು. ಹಿಡಿ ಎಳೆದರೆ ಪಟ್ಟಿಗಳೆಲ್ಲ ಒಟ್ಟಿಗೆ ತೆರೆದುಕೊಂಡು, ಸಮುದ್ರದ ಗಾಳಿ ಈ ಕಡೆಯಿಂದ ನುಗ್ಗಿ ಆ ಕಡೆಯಿಂದ ಹೊರಟುಹೋಗುತ್ತಿತ್ತು. ಪರ್ಸೆಲ್ ಅವನ್ನೆಲ್ಲ ಕೀಳಿಸಿ, ದಪ್ಪ ಗಾಜು ಕೂರಿಸಿ, ಅಂಚಿಗೆ ಅಂಟು ಬಳಿಸಿ, ಎ.ಸಿ. ಹಾಕಿಸಿದ. ಒಂದು ಕಿಟಕಿಯೂ ತೆರೆಯುವುದಿಲ್ಲ. ಸುಳ್ಳೇಕೆ ಹೇಳಲಿ, ಮೊದಲ ವಾರ ನನಗೂ ಖುಷಿಯಾಗಿತ್ತು. ಹಲ್ಲಿಯಿಲ್ಲ, ಧೂಳಿಲ್ಲ.

ಅತ್ತೆ ಸೆವಾಸ್ತಿ ಮಾತ್ರ ಮುಖ ಗಂಟು ಹಾಕಿಕೊಂಡರು. "ಉಸಿರು ಕಟ್ಟೋ ಮನೇಲಿ ನಾನಿರಲ್ಲ ಕಣೇ ಕಲೋತಿನಾ."

"ಮತ್ತೆಲ್ಲಿಗೆ ಹೋಗ್ತೀರಿ? ಕಾಲಿಮ್ನೋಸ್‌ಗೆ ಈಜ್ಕೊಂಡು ಹೋಗ್ತೀರಾ?" ಎಂದು ನಾನು ಅಣಕಿಸಿದೆ.

ಕಾಲಿಮ್ನೋಸ್ ನಾವೆಲ್ಲ ಬಿಟ್ಟುಬಂದ ಗ್ರೀಕ್ ದ್ವೀಪ. ಅತ್ತೆಯ ಅಪ್ಪ ಅಲ್ಲಿ ಕಡಲ ತಳದಿಂದ ಸ್ಪಂಜು ತೆಗೆಯುವ ಮುಳುಗುಗಾರ. ಚಪ್ಪಟೆಯಾದ ಅಮೃತಶಿಲೆಯೊಂದನ್ನು ಎರಡು ಕೈಯಲ್ಲಿ ಮುಂದೆ ಹಿಡಿದು ಧುಮುಕಿದರೆ, ಅದರ ಭಾರಕ್ಕೇ ತಳ ಮುಟ್ಟುತ್ತಿದ್ದನಂತೆ. ಆ ಕಲ್ಲು ಈಗ ಅತ್ತೆಯ ಕೋಣೆಯಲ್ಲಿ, ಕಡಲಿಗರನ್ನು ಕಾಯುವ ಸಂತ ನಿಕೊಲಾಸನ ಪಟದ ಕೆಳಗಿದೆ. ವರ್ಷಕ್ಕೊಮ್ಮೆ, ಸಂತನ ಹಬ್ಬದ ದಿನ, ಅತ್ತೆಯೇ ಅದಕ್ಕೆ ಎಣ್ಣೆ ಸವರುತ್ತಾರೆ. ಬೇರೆ ಯಾರೂ ಮುಟ್ಟುವಂತಿಲ್ಲ. ನನ್ನ ಗಂಡ ಥೆಮೇಲಿಸ್ ಚಿಕ್ಕವನಿದ್ದಾಗ ಅದರ ಮೇಲೆ ತೆಂಗಿನಕಾಯಿ ಕುಟ್ಟಲು ಹೋಗಿ ತಿಂದ ಏಟನ್ನು ಇವತ್ತಿಗೂ ನೆನೆಸಿಕೊಳ್ಳುತ್ತಾನೆ.

ಕಿತ್ತ ಗಾಜಿನ ಪಟ್ಟಿಗಳನ್ನೂ ಅತ್ತೆ ಕಸಕ್ಕೆ ಹಾಕಲು ಬಿಡಲಿಲ್ಲ. ಹಳೇ ಕಂಬಳಿಗಳಲ್ಲಿ ಸುತ್ತಿಸಿ ಮನೆಯ ಕೆಳಗೆ, ಕಂಬಗಳ ನಡುವೆ ಇಡಿಸಿದರು.

ನವೆಂಬರ್ ಬಂತು. ನಮ್ಮ ನವೆಂಬರಿನ ಬಗ್ಗೆ ಒಳ್ಳೆಯ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಸ್ನಾನ ಮಾಡಿ ಮೈ ಒರೆಸುವಷ್ಟರಲ್ಲಿ ಮತ್ತೆ ಒದ್ದೆ. ಬ್ರೆಡ್ಡು ಬೆಳಗಾಗುವುದರೊಳಗೆ ಬೂಸ್ಟು. ಎದುರಿಗೇ ಸಮುದ್ರ, ಆದರೆ ವಿಷದ ಲೋಳೆಮೀನುಗಳ ಕಾಟಕ್ಕೆ ಕಾಲಿಡುವಂತಿಲ್ಲ. ದಿನಾ ಮಧ್ಯಾಹ್ನ ಕರೀ ಮೋಡ ಬಂದು, ಗುಡುಗಿ, ಮಿಂಚಿ, ಊರನ್ನೆಲ್ಲ ಹೆದರಿಸಿ, ಒಂದು ಹನಿಯನ್ನೂ ಕೊಡದೆ ಹೊರಟುಹೋಗುತ್ತದೆ. ಜನ ಬೀದಿಯಲ್ಲಿ ಸುಮ್ಮಸುಮ್ಮನೆ ಜಗಳಕ್ಕೆ ಬೀಳುತ್ತಾರೆ. ನಾನೂ ಬೀಳುತ್ತೇನೆ.

ಆ ಮಂಗಳವಾರ ನಾನು ಕೆಲಸ ಮಾಡುವ ಮೀನಿನಂಗಡಿಯಲ್ಲಿದ್ದೆ. ಥೆಮೇಲಿಸ್ ಇಟ್ಟಿಗೆ ಕೆಲಸಕ್ಕೆಂದು ಪರವೂರಿಗೆ ಹೋಗಿದ್ದ. ಮಧ್ಯಾಹ್ನ ಒಂದು ಗಂಟೆಗೆ ಸಿಡಿಲು ಎಲ್ಲಿಗೆ ಬಡಿಯಿತೋ, ಕರೆಂಟು ಹೋಯಿತು. ಬರುತ್ತದೆ ಬರುತ್ತದೆ ಎಂದು ಎರಡು ಗಂಟೆ ಕಾದೆ. ಆಮೇಲೆ ಹೊಳೆಯಿತು. ಕರೆಂಟಿಲ್ಲದಿದ್ದರೆ ಎ.ಸಿ. ಇಲ್ಲ. ಎ.ಸಿ. ಇಲ್ಲದಿದ್ದರೆ ಆ ಮನೆಯಲ್ಲಿ ಗಾಳಿಯೇ ಇಲ್ಲ. ಅತ್ತೆ ಒಬ್ಬರೇ ಇದ್ದಾರೆ!

ಓಡಿದೆ. ಬಾಗಿಲು ತೆಗೆದಾಗ ಮುಖಕ್ಕೆ ಹೊಡೆದ ಬಿಸಿಯನ್ನು ಹೇಗೆ ಹೇಳಲಿ, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದ ಹಾಗಿತ್ತು. ಅತ್ತೆ ಹಿಂದಿನ ಕೋಣೆಯಲ್ಲಿ ನೆಲದ ಮೇಲೆ ಗೋಡೆಗೊರಗಿ ಬಿದ್ದಿದ್ದರು. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

"ಏಳಿ ಅತ್ತೆ, ಹೊರಗೆ ಹೋಗೋಣ!"

"ಕಾಲು ಬರ್ತಿಲ್ಲ ಕಣೇ."

ಎಳೆದುಕೊಂಡು ಹೋಗಲು ನೋಡಿದೆ. ಅವರು ನನ್ನ ಎರಡರಷ್ಟು ಇದ್ದಾರೆ, ಅಲ್ಲಾಡಲಿಲ್ಲ. ಮುಂಬಾಗಿಲು ತೆರೆದಿದ್ದರೂ ಆ ಹಿಂದಿನ ಕೋಣೆಯವರೆಗೆ ಗಾಳಿ ಬರುತ್ತಿರಲಿಲ್ಲ. ಕುರ್ಚಿ ಎತ್ತಿ ಗಾಜಿಗೆ ಬೀಸಿದೆ. ಕುರ್ಚಿಯ ಕಾಲು ಮುರಿಯಿತು, ಗಾಜಿಗೆ ಏನೂ ಆಗಲಿಲ್ಲ. ಅತ್ತೆ ಪಟದ ಕಡೆ ಕೈ ತೋರಿಸಿದರು.

"ಕಲ್ಲು ತಗೋ."

"ಅದು ನಿಮ್ಮಪ್ಪಂದು, ಅತ್ತೆ!"

"ನಮ್ಮಪ್ಪ ನೀರೊಳಗೆ ಮೂರು ನಿಮಿಷ ಉಸಿರು ಹಿಡೀತಿದ್ದ. ನನ್ನ ಕೈಲಾಗಲ್ಲ. ಹೊಡಿಯೇ!"

ಹನ್ನೆರಡು ಕಿಲೋ ಕಲ್ಲು. ಎರಡೂ ಕೈಯಲ್ಲಿ ಎತ್ತಿ ಹೊಡೆದೆ. ಮೂರನೆಯ ಏಟಿಗೆ ಗಾಜು ಒಡೆದು ಹೊರಕ್ಕೆ ಸುರಿಯಿತು. ಗಾಳಿ ಒಳಗೆ ಬಂತು. ಅತ್ತೆ ಬಾಯಿ ತೆರೆದು ಅದನ್ನು ಕುಡಿದರು. ಅವರ ತುಟಿಗೆ ಬಣ್ಣ ಬರುವವರೆಗೂ ನಾನು ತಲೆಗೆ ನೀರು ಹಾಕುತ್ತ, ಪರ್ಸೆಲ್‌ನ ಏಳು ತಲೆಮಾರಿಗೂ ಶಾಪ ಹಾಕುತ್ತ ಕೂತಿದ್ದೆ.

ಸಂಜೆ ನಾನೇ ಅವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಆ ವಾರ ಅವನು ಡಾರ್ವಿನ್ನಿನಲ್ಲೇ ಇದ್ದ. ಮರುದಿನ ಬೆಳಿಗ್ಗೆ ಬಂದ, ತುಂಬುತೋಳಿನ ಅಂಗಿ ತೊಟ್ಟು, ಫೈಲು ಹಿಡಿದು. ಕರೆಂಟು ಇನ್ನೂ ಬಂದಿರಲಿಲ್ಲ. ಒಡೆದ ಕಿಟಕಿ ನೋಡಿದ, ಅತ್ತೆಯನ್ನು ನೋಡಲಿಲ್ಲ.

"ಬೇಕಂತಲೇ ಒಡೆದಿದ್ದೀರಿ. ಕರಾರು ಮುರಿದಿದ್ದೀರಿ. ಎರಡು ವಾರದಲ್ಲಿ ಮನೆ ಖಾಲಿ ಮಾಡ್ಬೇಕು. ಈಗ್ಲೇ ಬರೆದುಕೊಡ್ತೀನಿ."

ಹೇಗಿದ್ದೀರಿ ಅಮ್ಮಾ ಎಂದು ಒಂದು ಮಾತಿಲ್ಲ! ಬರೆಯಲು ಕೂತವನು ಕುರ್ಚಿಯನ್ನು ಒಂದು ಗೇಣು ಸರಿಸಿದ. ಆಮೇಲೆ ಇನ್ನೊಂದು ಗೇಣು. ನಾನು ನೋಡುತ್ತಲೇ ಇದ್ದೆ. ನಾವು ಒಡೆದ ಕಿಟಕಿಯ ಬುಡಕ್ಕೇ ಬಂದು ಕೂತು, ನಮ್ಮನ್ನು ಹೊರಗೆ ಹಾಕುವ ಕಾಗದ ಬರೆಯುತ್ತಿದ್ದಾನೆ!

ನನಗೆ ಎಲ್ಲಿತ್ತೋ ಕೋಪ. ಅತ್ತೆಯನ್ನು ಕೈಹಿಡಿದು ನಡೆಸಿ ಹೊರಗೆ ಮೆಟ್ಟಿಲ ಬಳಿ ಕೂರಿಸಿದೆ. ಕೆಳಗಿನಿಂದ ಹಲಗೆಯೊಂದನ್ನು ಎತ್ತಿ ತಂದು ಒಡೆದ ಕಿಟಕಿಗೆ ಗಟ್ಟಿಯಾಗಿ ಸಿಕ್ಕಿಸಿದೆ. ಬಾಗಿಲು ಹಾಕಿದೆ.

"ಏನ್ ಮಾಡ್ತಿದ್ದೀರಿ?" ಎಂದ ಪರ್ಸೆಲ್.

"ಕರಾರು ಅಂದ್ರೆ ಕರಾರು ಸಾರ್. ನಿಮ್ಮ ಮನೆ ನೀವು ಮಾಡ್ಸಿದ ಹಾಗೇ ಇರ್ಲಿ. ನಿಧಾನಕ್ಕೆ ಬರೀರಿ."

ನಾನೂ ಬಾಗಿಲಿಗೆ ಒರಗಿ ಅವನ ಎದುರಿಗೆ ಕೂತೆ. ಅವನ ಗಲ್ಲದಿಂದ ಬೆವರು ತೊಟ್ಟಿಕ್ಕಿ ಕಾಗದದ ಮೇಲೆ ಅಕ್ಷರ ಕಲಸಿತು. ಕಾಲರಿನ ಗುಂಡಿ ಬಿಚ್ಚಿದ. ಮುಖ ಕೆಂಪೇರಿತು. ಬಾಗಿಲ ಕಡೆ ನೋಡಿದ.

"ಸ್ವಲ್ಪ ತೆಗೀರಿ..."

"ಎಂಬತ್ತೊಂದು ವರ್ಷದ ಹೆಂಗಸು ಎರಡು ಗಂಟೆ ಕೂತಿದ್ರು ಸಾರ್. ನಿಮಗಿನ್ನೂ ಹತ್ತು ನಿಮಿಷ ಆಗಿಲ್ಲ."

ಅವನು ಎದ್ದ. ಬಾಗಿಲಿಗೆ ನಾನು ಅಡ್ಡ ಕೂತಿದ್ದೆ. ಕಿಟಕಿಗೇ ಹೋಗಿ, ತನ್ನ ಕೈಯಿಂದಲೇ ಹಲಗೆ ಕಿತ್ತು ಎಸೆದು, ತಲೆಯನ್ನು ಹೊರಗೆ ಹಾಕಿ ನಿಂತ. ಬಹಳ ಹೊತ್ತು ತಿರುಗಲಿಲ್ಲ.

"ಖಾಲಿ ಮಾಡೋ ವಿಷಯ ಬಿಡಿ," ಎಂದ ಕೊನೆಗೆ. "ಹಳೇ ಪಟ್ಟಿಗಳಿದ್ರೆ ಹಾಕಿಸ್ಕೊಳ್ಳಿ. ಈ ಕಿಟಕಿಗೆ."

"ಈ ಕಿಟಕಿಗೆ ಮಾತ್ರಾನಾ?"

"ಇದಕ್ಕೆ ಮಾತ್ರ. ಉಳಿದಿದ್ದು ಹೊಸ ಗಾಜು, ಮುಟ್ಟಬೇಡಿ."

ಅತ್ತೆಯ ಪಕ್ಕದಿಂದ ನುಸುಳಿ ಮೆಟ್ಟಿಲಿಳಿದು ಹೋದ. ತಾನು ಹತ್ತು ನಿಮಿಷ ಬೆಂದ ಮೇಲೂ ಲೆಕ್ಕ ಹಾಕಿ ಒಂದೇ ಒಂದು ಕಿಟಕಿ! ನಾನು ಹೊರಗೆ ಬಂದು ಕೂಗಾಡಿದೆ. ಅತ್ತೆ ಕೇಳಿಸಿಕೊಂಡರು.

"ಎಷ್ಟು ಕಿಟಕಿ ಅಂದ?"

"ಒಂದು. ಉಳಿದ ಹತ್ತನ್ನ ಮುಟ್ಟಬೇಡಿ ಅಂದ."

ಒಳಗೆ ಬಂದು ಮಂಚದ ಮೇಲೆ ಕೂತರು. ನಾನು ಕಲ್ಲಿನ ಮೇಲಿದ್ದ ಗಾಜಿನ ಪುಡಿ ಒರೆಸಿ, ಅದನ್ನು ಸಂತನ ಪಟದ ಕೆಳಗೆ ಇಡಲು ಹೋದೆ.

"ಅಲ್ಲಿ ಬೇಡ," ಎಂದರು ಅತ್ತೆ. "ಅಡುಗೆಮನೆ ಕಿಟಕಿ ಹತ್ರ ಇಡು."